ಮಂತ್ರದ ಚೂರಿ ಸಿಕ್ಕರೆ ಮಗಳಿಗೆ ಧೈರ್ಯ ಬರುತ್ತದೆಯೇ?

ಪ್ರಶ್ನೆ: ಮೇಡಂ, ನನ್ನ ತವರು ಚಿತ್ರದುರ್ಗ. ಈಗ ಇರೋದು ದಾವಣಗೆರೆಯ ವಿದ್ಯಾನಗರದಲ್ಲಿ. ಮಗಳಿಗೆ ಹತ್ತು ವರ್ಷ, ಐದನೇ ಕ್ಲಾಸು. ಮನೆಯಲ್ಲಿ ಅರಳು ಹುರಿದಂತೆ ಮಾತಾಡುತ್ತಾಳೆ. ಕ್ಲಾಸಿನಲ್ಲಿ ಎದ್ದು ನಿಲ್ಲಿಸಿದರೆ ಬಾಯಿ ಕಟ್ಟಿಹೋಗುತ್ತೆ. ಓಬವ್ವ ಜಯಂತಿಗೆ ಎರಡು ನಿಮಿಷ ಭಾಷಣ ಮಾಡು ಅಂತ ಟೀಚರ್ ಹೇಳಿದ್ದಾರೆ. ಇನ್ನೂ ಆರು ವಾರ ಇದೆ. ಆದರೆ ಈಗಿನಿಂದಲೇ ಬೆಳಗಾದರೆ ಹೊಟ್ಟೆನೋವು. ಈ ನಡುವೆ ಇಂಜಿನಿಯರಿಂಗ್ ಓದುವ ನನ್ನ ಅಣ್ಣನ ಮಗ ‘ಒನ್ಸ್ ಅಪಾನ್ ಎ ಟೈಮ್’ ಅನ್ನೋ ಇಂಗ್ಲಿಷ್ ಸೀರಿಯಲ್‌ನ ಒಂದು ಎಪಿಸೋಡ್ ತೋರಿಸಿದ. ಹೇಡಿ ಅಂತ ಎಲ್ಲರೂ ಹೀಯಾಳಿಸುವ ಒಬ್ಬ ಬಡ ನೂಲುಗಾರನಿಗೆ ಮಂತ್ರದ ಚೂರಿ ಸಿಗುತ್ತೆ. ಆಮೇಲೆ ಅವನಿಗೆ ಯಾರ ಭಯವೂ ಇರಲ್ಲ. ಇವಳು ಅದನ್ನೇ ಮತ್ತೆ ಮತ್ತೆ ನೋಡುತ್ತಾಳೆ. “ನಂಗೂ ಅಂಥ ಚೂರಿ ಇದ್ದಿದ್ರೆ ಭಾಷಣ ಮಾಡ್ತಿದ್ದೆ” ಅಂತಾಳೆ. ನಮ್ಮನೆಯವರು ಸೀರಿಯಲ್ ಬಂದ್ ಮಾಡು ಅಂತಾರೆ. ಅತ್ತೆ ತಾಯತ ಕಟ್ಟಿಸೋಣ ಅಂತಾರೆ. ನಾನು “ಓಬವ್ವನ ಊರಿನ ಮೊಮ್ಮಗಳಾಗಿ ಹೆದರ್ತೀಯೇನೇ?” ಅಂದೆ. ಇನ್ನೂ ಮುದುಡಿಕೊಂಡಳು. ಏನು ಮಾಡಲಿ?

ಉತ್ತರ: ಸೀರಿಯಲ್ ಬಂದ್ ಮಾಡಬೇಡಿ ಅಮ್ಮ. ನಿಮ್ಮ ಮಗಳು ಆ ಎಪಿಸೋಡಿನಲ್ಲಿ ಅರ್ಧ ಕಥೆಯನ್ನು ಮಾತ್ರ ಹಿಡಿದುಕೊಂಡಿದ್ದಾಳೆ. ಉಳಿದರ್ಧ ಅವಳ ಭಾಷಣಕ್ಕೇ ನೇರ ಸಂಬಂಧಪಟ್ಟದ್ದು. ಈಗ ನಿಲ್ಲಿಸಿದರೆ ಅವಳ ಮನಸ್ಸಿನಲ್ಲಿ ಉಳಿಯುವುದು ಚೂರಿ ಒಂದೇ.

ನೀವು ಹೇಳಿದ ಗುರುತಿನಿಂದ ಅದು ಮೊದಲ ಸೀಸನ್ನಿನ ಎಂಟನೇ ಎಪಿಸೋಡ್, ‘ಡೆಸ್ಪರೇಟ್ ಸೋಲ್ಸ್’. ಅಮೆರಿಕದ ಎಬಿಸಿ ಚಾನೆಲ್ಲಿನಲ್ಲಿ 2012ರ ಜನವರಿ 8ರಂದು ಬಂದಿದ್ದು. ಸೀರಿಯಲ್ 2011ರಲ್ಲಿ ಶುರುವಾಗಿ 2018ರವರೆಗೆ ನಡೆಯಿತು. ಒಟ್ಟು 7 ಸೀಸನ್, 155 ಎಪಿಸೋಡ್. ಅದರ ಕಟ್ಟು ಹೀಗಿದೆ: ಅಜ್ಜಿಕಥೆಗಳ ರಾಜಕುಮಾರಿಯರು, ಕುಳ್ಳರು, ಮಾಟಗಾತಿಯರೆಲ್ಲ ಒಂದು ಶಾಪದಿಂದ ಈ ಕಾಲದ ಅಮೆರಿಕದ ಪುಟ್ಟ ಊರೊಂದಕ್ಕೆ ಬಂದು ಬಿದ್ದಿದ್ದಾರೆ. ಊರಿನ ಹೆಸರು ಸ್ಟೋರಿಬ್ರೂಕ್. ಬಹುತೇಕ ಯಾರಿಗೂ ತಮ್ಮ ಹಳೆಯ ಬದುಕು ನೆನಪಿಲ್ಲ. ಹಾಗಾಗಿ ಎಪಿಸೋಡಿನಲ್ಲಿ ಎರಡು ಕಥೆ ಜೊತೆಜೊತೆಗೆ ಸಾಗುತ್ತವೆ. ಒಂದು ಹಿಂದಿನ ಲೋಕದ್ದು, ಇನ್ನೊಂದು ಈಗಿನದು. ನಿಮ್ಮ ಮಗಳು ಹಿಂದಿನದನ್ನು ಹಿಡಿದುಕೊಂಡಳು. ಈಗಿನದರಲ್ಲಿ ಚುನಾವಣೆ, ಭಾಷಣ ಅಂತೆಲ್ಲ ಇದೆ. ಹತ್ತು ವರ್ಷದ ಮಗುವಿಗೆ ಅದು ಬೋರ್ ಅನಿಸಿರುತ್ತದೆ.

ಮೊದಲು ಅವಳು ಹಿಡಿದುಕೊಂಡ ಕಥೆಯನ್ನೇ ನೋಡೋಣ. ಅದು ನೀವು ಅಂದುಕೊಂಡಷ್ಟು ಕೆಟ್ಟದ್ದಲ್ಲ.

ಆ ನೂಲುಗಾರನ ಹೆಸರು ರಂಪಲ್‌ಸ್ಟಿಲ್ಟ್‌ಸ್ಕಿನ್. ಆ ಹೆಸರು ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಮಾಡಿಸಿದ ಜರ್ಮನ್ ಜನಪದ ಕಥೆಗಳಿಂದ ಬಂದದ್ದು. ಅಲ್ಲಿ ಅವನು ಹುಲ್ಲನ್ನು ನೂತು ಚಿನ್ನ ಮಾಡುವ ಮೋಸದ ಕುಳ್ಳ. ಸೀರಿಯಲ್ ಅವನಿಗೊಂದು ಹಿಂದಿನ ಬದುಕು ಕೊಟ್ಟಿದೆ. ರಾಬರ್ಟ್ ಕಾರ್ಲೈಲ್ ಆ ಪಾತ್ರ ಮಾಡಿದ್ದಾರೆ. ಅವನು ಉಣ್ಣೆ ನೂಲುವ ಬಡವ, ಕುಂಟ. ಯುದ್ಧದಿಂದ ಓಡಿ ಬಂದವನು ಅಂತ ಊರೆಲ್ಲ ಅವನನ್ನು ಹೇಡಿ ಅನ್ನುತ್ತದೆ. ಅವನಿಗಿರುವುದು ಬೇಲ್‌ಫೈರ್ ಅನ್ನುವ ಒಬ್ಬನೇ ಮಗ. ರಾಕ್ಷಸರ ಜೊತೆಗಿನ ಯುದ್ಧಕ್ಕೆ ಹದಿನಾಲ್ಕು ತುಂಬಿದ ಮಕ್ಕಳನ್ನೂ ಎಳೆದೊಯ್ಯುತ್ತಿದ್ದಾರೆ. ಬೇಲ್‌ಫೈರ್‌ಗೆ ಹದಿನಾಲ್ಕು ತುಂಬಲು ಕೆಲವೇ ದಿನ ಬಾಕಿ. ಮಗನನ್ನು ಕರೆದುಕೊಂಡು ಓಡಿಹೋಗಲು ನೋಡಿದವನನ್ನು ಸೈನಿಕರು ಹಿಡಿಯುತ್ತಾರೆ. ಮಗನ ಕಣ್ಣೆದುರೇ ಅವನಿಂದ ಬೂಟಿಗೆ ಮುತ್ತಿಡಿಸುತ್ತಾರೆ.

ಈ ದೃಶ್ಯ ನಿಮ್ಮ ಮಗಳಿಗೆ ಯಾಕೆ ನಾಟಿತು ಅಂತ ಯೋಚಿಸಿ. ಎಲ್ಲರ ಮುಂದೆ ನಿಂತಿದ್ದೇನೆ, ಎಲ್ಲರೂ ನೋಡುತ್ತಿದ್ದಾರೆ, ನನ್ನಿಂದ ಏನೂ ಆಗುತ್ತಿಲ್ಲ. ಕ್ಲಾಸಿನಲ್ಲಿ ಬಾಯಿ ಕಟ್ಟಿದಾಗ ಅವಳಿಗೆ ಆಗುವುದೂ ಅದೇ. ಟಿವಿಯಲ್ಲಿ ಬರುವ ಧೀರರೆಲ್ಲ ಅವಳಿಗೆ ಪರಕೀಯರು. ಈ ಹೇಡಿ ಅವಳ ಕಡೆಯವನು. ಅವಳು ಕೆಟ್ಟವನನ್ನು ಮೆಚ್ಚಿದಳು ಅಂತ ಗಾಬರಿಯಾಗಬೇಡಿ. ತನ್ನ ಅವಮಾನ ಬಲ್ಲ ಒಬ್ಬನನ್ನು ಅವಳು ಕಂಡುಕೊಂಡಿದ್ದಾಳೆ.

ಆಮೇಲೆ ಚೂರಿ. ಒಬ್ಬ ಮುದಿ ಭಿಕ್ಷುಕ ಅವನಿಗೆ ಗುಟ್ಟು ಹೇಳುತ್ತಾನೆ. ಡಾರ್ಕ್ ಒನ್ ಅನ್ನುವ ಮಹಾ ಮಾಂತ್ರಿಕನೊಬ್ಬ ಇದ್ದಾನೆ, ಅವನ ಹೆಸರು ಕೆತ್ತಿದ ಚೂರಿ ಯಾರ ಕೈಯಲ್ಲಿದೆಯೋ ಅವರ ಮಾತನ್ನು ಅವನು ಕೇಳಲೇಬೇಕು. ನಮ್ಮ ಅಜ್ಜಿಕಥೆಗಳಲ್ಲಿ ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣ ಇರುತ್ತಲ್ಲ, ಹಾಗೆ. ರಂಪಲ್ ಕೋಟೆಗೆ ಬೆಂಕಿಯಿಟ್ಟು ಚೂರಿ ಕದಿಯುತ್ತಾನೆ. ಮಾಂತ್ರಿಕನನ್ನು ಕರೆಯುತ್ತಾನೆ. ಅವನು ಕೆಣಕಿದಾಗ ಸಿಟ್ಟಿನಲ್ಲಿ ಇರಿದೇಬಿಡುತ್ತಾನೆ. ಸಾಯುವಾಗ ಗೊತ್ತಾಗುತ್ತದೆ, ಗುಟ್ಟು ಹೇಳಿದ ಭಿಕ್ಷುಕನೇ ಆ ಮಾಂತ್ರಿಕ. ಆ ಹೊರೆಯಿಂದ ಬಿಡುಗಡೆ ಬೇಕಾಗಿತ್ತು ಅವನಿಗೆ, ಹತಾಶನಾದ ಒಬ್ಬನನ್ನು ಹುಡುಕಿಕೊಂಡಿದ್ದ. ಚೂರಿಯ ಮೇಲಿನ ಹೆಸರು ಬದಲಾಗಿ ರಂಪಲ್‌ಸ್ಟಿಲ್ಟ್‌ಸ್ಕಿನ್ ಅಂತ ಆಗುತ್ತದೆ. ಇನ್ನು ಇವನೇ ಡಾರ್ಕ್ ಒನ್.

ಅವನು ಮನೆಗೆ ಬರುತ್ತಾನೆ. ಸೈನಿಕರನ್ನೆಲ್ಲ ಕೊಲ್ಲುತ್ತಾನೆ. ಮಗನ ಕಡೆ ತಿರುಗಿ, ಈಗ ನಿನಗೆ ಹೆದರಿಕೆ ಹೋಯಿತಲ್ಲ ಅನ್ನುವ ಅರ್ಥದಲ್ಲಿ ಕೇಳುತ್ತಾನೆ. ಮಗ ಇಲ್ಲ ಅನ್ನುತ್ತಾನೆ, ತನಗೆ ಭಯವಾಗುತ್ತಿದೆ ಅನ್ನುತ್ತಾನೆ. ತನಗೆ ಮಾತ್ರ ಯಾವ ಭಯವೂ ಇಲ್ಲ ಅನ್ನುತ್ತಾನೆ ಅಪ್ಪ.

ಇಡೀ ಎಪಿಸೋಡಿನಲ್ಲಿ ನನಗೆ ತುಂಬ ಮುಖ್ಯ ಅನಿಸುವುದು ಈ ಜಾಗ. ಮಗಳ ಜೊತೆ ಕೂತು ಇದೊಂದನ್ನು ಮತ್ತೆ ನೋಡಿ. ಇರಿಯುವ, ಕೊಲ್ಲುವ ಭಾಗ ಓಡಿಸಿಬಿಡಿ, ಅವಳ ವಯಸ್ಸಿಗೆ ಅದು ಬೇಡ. ಮಗನ ಮುಖ ಬಂದಾಗ ನಿಲ್ಲಿಸಿ. “ಅಪ್ಪನಿಗೆ ಹೆದರಿಕೆ ಹೋಯ್ತು. ಹಂಗಾದ್ರೆ ಈ ಹುಡುಗ ಯಾಕೆ ಹೆದರ್ತಿದಾನೆ?” ಅಂತ ಕೇಳಿ, ಸುಮ್ನಿರಿ. ಉತ್ತರ ನೀವು ಹೇಳಬೇಡಿ. ಹತ್ತು ವರ್ಷದ ಮಕ್ಕಳು ಇದಕ್ಕೆ ಕೊಡುವ ಉತ್ತರ ನಮ್ಮದಕ್ಕಿಂತ ಚೆನ್ನಾಗಿರುತ್ತದೆ.

ಕಥೆ ಬರೆದವರು ಈ ಎಳೆಯನ್ನು ಇಲ್ಲಿಗೇ ಬಿಟ್ಟಿಲ್ಲ. ಅದೇ ಸೀಸನ್ನಿನ 19ನೇ ಎಪಿಸೋಡಿನಲ್ಲಿ ಮಗ ಅಪ್ಪನಿಗಾಗಿ ಒಂದು ದಾರಿ ಹುಡುಕುತ್ತಾನೆ. ಮಂತ್ರವೇ ಇಲ್ಲದ ಲೋಕಕ್ಕೆ ಬಾಗಿಲು ತೆರೆಯುವ ಒಂದು ಬೀಜ ಅವನಿಗೆ ಸಿಗುತ್ತದೆ. ಇಬ್ಬರೂ ಹಾರಿದರೆ ಅಪ್ಪ ಮತ್ತೆ ಮನುಷ್ಯನಾಗಬಹುದು. ನೆಲ ಬಾಯಿ ತೆರೆಯುತ್ತದೆ. ಅಪ್ಪನ ಒಂದು ಕೈಯಲ್ಲಿ ಮಗನ ಕೈ, ಇನ್ನೊಂದರಲ್ಲಿ ನೆಲಕ್ಕೆ ನೆಟ್ಟ ಚೂರಿ. ಅವನು ಬಿಡುವುದು ಮಗನ ಕೈಯನ್ನು. ಯಾವ ಭಯವೂ ಇಲ್ಲ ಅಂದವನು ಒಂದು ಹೆಜ್ಜೆ ಹಾರಲು ಹೆದರಿದ. ಚೂರಿ ಅವನಿಗೆ ಶಕ್ತಿ ಕೊಟ್ಟಿತ್ತು, ಬೇರೆಯವರು ಅವನಿಗೆ ಹೆದರುವಂತೆ ಮಾಡಿತ್ತು. ಅವನೊಳಗಿನ ಹೆದರಿಕೆಯನ್ನು ಅದು ಮುಟ್ಟಿರಲೇ ಇಲ್ಲ. ಈ ಎಪಿಸೋಡನ್ನು ಮಗಳಿಗೆ ಈಗ ತೋರಿಸಬೇಡಿ. ಅಪ್ಪ ಕೈಬಿಡುವ ದೃಶ್ಯ ಅಳುಕಿನ ಮಗುವಿಗೆ ಭಾರವಾಗುತ್ತದೆ. ಭಾಷಣ ಮುಗಿದ ಮೇಲೆ, ನೀವು ಪಕ್ಕದಲ್ಲಿದ್ದು ನೋಡಬಹುದು.

ಈಗ ಅವಳು ಬಿಟ್ಟ ಅರ್ಧಕ್ಕೆ ಬರುತ್ತೇನೆ.

ಸ್ಟೋರಿಬ್ರೂಕ್‌ನಲ್ಲಿ ಶೆರಿಫ್ ಹುದ್ದೆಗೆ ಚುನಾವಣೆ. ಶೆರಿಫ್ ಅಂದರೆ ಅಲ್ಲಿ ಊರಿನ ಪೊಲೀಸ್ ಅಧಿಕಾರಿ, ಜನ ಓಟು ಹಾಕಿ ಆರಿಸುತ್ತಾರೆ. ಸೀರಿಯಲ್ಲಿನ ನಾಯಕಿ ಎಮ್ಮಾ ಚುನಾವಣೆಗೆ ನಿಂತಿದ್ದಾಳೆ. ಮೇಯರ್ ರೆಜೀನಾ ಅವಳ ವಿರುದ್ಧ ಇನ್ನೊಬ್ಬನನ್ನು ನಿಲ್ಲಿಸಿದ್ದಾಳೆ. ಎಮ್ಮಾಳ ಮಗ ಹೆನ್ರಿಗೆ ಹತ್ತು ವರ್ಷ, ನಿಮ್ಮ ಮಗಳದೇ ವಯಸ್ಸು. ಒಳ್ಳೆಯವರು ಗೆಲ್ಲುವುದೇ ಇಲ್ಲ ಅಂತ ಅವನು ಮಂಕಾಗಿ ಕೂತಿದ್ದಾನೆ. ಈ ಊರಿನಲ್ಲಿ ರಂಪಲ್‌ಗೆ ಮಿಸ್ಟರ್ ಗೋಲ್ಡ್ ಅಂತ ಹೆಸರು. ಎಲ್ಲರೂ ಹೆದರುವ ಶ್ರೀಮಂತ. ಅವನು ಎಮ್ಮಾಳಿಗೆ ಸಹಾಯ ಮಾಡ್ತೀನಿ ಅನ್ನುತ್ತಾನೆ. ಮೇಯರ್ ಕಚೇರಿಗೆ ಬೆಂಕಿ ಬೀಳುತ್ತದೆ. ಒಳಗಿದ್ದ ರೆಜೀನಾಳನ್ನು ಎಮ್ಮಾ ಎಳೆದು ತಂದು ಉಳಿಸುತ್ತಾಳೆ. ಊರಿಗೆ ಊರೇ ಅವಳನ್ನು ಹೊಗಳುತ್ತದೆ. ಗೆಲುವು ಹೆಚ್ಚುಕಡಿಮೆ ಕೈಗೆ ಬಂದ ಹಾಗೆ. ಆಗ ಅವಳಿಗೆ ಗೊತ್ತಾಗುತ್ತದೆ, ಬೆಂಕಿ ಹಚ್ಚಿಸಿದ್ದು ಗೋಲ್ಡ್.

ಸುಮ್ಮನಿದ್ದರೆ ಗೆಲ್ಲುತ್ತಾಳೆ. ಸಭೆಯಲ್ಲಿ ಊರಿನವರೆಲ್ಲ ಕೂತಿದ್ದಾರೆ, ಗೋಲ್ಡ್ ಕೂಡ ಅಲ್ಲೇ ಇದ್ದಾನೆ. ಅವಳು ಎದ್ದು ನಿಂತು ನಿಜ ಹೇಳಿಬಿಡುತ್ತಾಳೆ. ಆ ಬೆಂಕಿ ಬೇಕಂತಲೇ ಹಚ್ಚಿದ್ದು, ಹಚ್ಚಿಸಿದವನು ಇವನು, ಈ ರೀತಿ ಗೆಲ್ಲುವುದು ನನಗೆ ಬೇಡ. ಹೇಳಿದರೆ ಸೋಲುತ್ತೇನೆ ಅಂತಲೇ ಅವಳು ನಂಬಿದ್ದಳು. ಆದರೆ ಗೆಲ್ಲುತ್ತಾಳೆ. ಗೋಲ್ಡ್‌ಗೆ ಎದುರು ನಿಂತವಳು ಅನ್ನುವ ಕಾರಣಕ್ಕೇ ಜನ ಓಟು ಹಾಕುತ್ತಾರೆ.

ಹೆದರಿಕೆ ಹೋಗುವ ತನಕ ಅವಳು ಕಾಯಲಿಲ್ಲ. ಯಾವ ಶಕ್ತಿಯೂ ಅವಳ ಕೈಯಲ್ಲಿರಲಿಲ್ಲ. ಇದ್ದದ್ದು ಒಂದು ಸಭೆ, ಹೇಳಬೇಕಾದ ನಾಲ್ಕು ಮಾತು. ನಿಮ್ಮ ಮಗಳ ಮುಂದಿರುವುದೂ ಅಷ್ಟೇ. ಒಂದೇ ಎಪಿಸೋಡಿನಲ್ಲಿ ಒಬ್ಬ ಹೆದರಿಕೆ ತೆಗೆದುಹಾಕುವ ವಸ್ತು ಹುಡುಕಿ ಹೊರಟ, ಇನ್ನೊಬ್ಬಳು ಹೆದರಿಕೆಯ ಜೊತೆಯಲ್ಲೇ ಎದ್ದು ನಿಂತಳು. ಎರಡನ್ನೂ ಅಕ್ಕಪಕ್ಕ ಇಟ್ಟಿದ್ದಾರೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆ ಪಾಠ ನಾನು ಟಿವಿಯಲ್ಲಿ ಹೆಚ್ಚು ನೋಡಿಲ್ಲ.

ಒಂದು ತಿರುವು ಇದೆ, ಮಗಳು ಚುರುಕಾಗಿದ್ದರೆ ಕೇಳಿಯೇ ಕೇಳುತ್ತಾಳೆ. ಕೊನೆಯಲ್ಲಿ ಗೋಲ್ಡ್ ಬಂದು, ಇದೂ ನನ್ನದೇ ಲೆಕ್ಕಾಚಾರ, ಜನ ನನಗೆ ಮೇಯರ್‌ಗಿಂತ ಜಾಸ್ತಿ ಹೆದರುತ್ತಾರೆ, ನೀನು ನನ್ನನ್ನು ಎದುರಿಸಿದರೆ ಮಾತ್ರ ಗೆಲ್ಲುತ್ತೀಯ ಅಂತ ಗೊತ್ತಿತ್ತು ಅನ್ನುತ್ತಾನೆ. ಹಾಗಾದರೆ ಎಮ್ಮಾಳ ಧೈರ್ಯ ಸುಳ್ಳೇ? ಅಲ್ಲ. ಮಾತಾಡುವಾಗ ಅವಳಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದೇ, ಸೋಲು ಒಪ್ಪಿಕೊಂಡು ಮಾತಾಡಿದಳು. ಅದು ಅವಳದೇ.

ಟಿವಿ ನೋಡಿ ಧೈರ್ಯ ಬರುತ್ತದೆಯೇ ಅಂತ ನಿಮ್ಮ ಯಜಮಾನರು ಕೇಳಬಹುದು. ಬರುತ್ತದೆ, ಆದರೆ ಎಂಥದ್ದು ನೋಡುತ್ತಾರೆ ಅನ್ನುವುದರ ಮೇಲೆ. ಇದು ನನ್ನ ಅನಿಸಿಕೆಯಷ್ಟೇ ಅಲ್ಲ, ಚೆನ್ನಾಗಿ ಪರೀಕ್ಷೆ ಮಾಡಿ ನೋಡಿರುವ ವಿಷಯ.

1967ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು ನಾಯಿಗೆ ಹೆದರುವ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಅವರ ವಾರಿಗೆಯ ಹುಡುಗನೊಬ್ಬ ನಾಯಿಯ ಹತ್ತಿರ ಹೋಗಿ ಆಡುವುದನ್ನು ತೋರಿಸಿದರು. ಒಂದೇ ಸಲಕ್ಕೆ ಅಪ್ಪಿಕೊಳ್ಳುವುದಲ್ಲ, ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ. ಹಾಗೆ ನೋಡಿದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕೊನೆಗೆ ನಾಯಿಯ ಜೊತೆ ಒಬ್ಬರೇ ಇರುವಷ್ಟು ಮುಂದೆ ಬಂದರು. ಮರುವರ್ಷ ಇದನ್ನೇ ಸಿನಿಮಾ ರೀಲಿನಲ್ಲಿ ತೋರಿಸಿ ನೋಡಿದರು. ಅದೂ ಕೆಲಸ ಮಾಡಿತು. ಒಬ್ಬನೇ ಹುಡುಗನಿಗಿಂತ ಬೇರೆ ಬೇರೆ ಮಕ್ಕಳನ್ನು, ಬೇರೆ ಬೇರೆ ನಾಯಿಗಳ ಜೊತೆ ತೋರಿಸಿದಾಗ ಇನ್ನೂ ಚೆನ್ನಾಗಿ ಕೆಲಸ ಮಾಡಿತು.

ನಿಮ್ಮ ಮಗಳ ವಿಷಯಕ್ಕೆ ಇನ್ನೂ ಹತ್ತಿರದ್ದು 1971ರ ಒಂದು ಪ್ರಯೋಗ. ಡೊನಾಲ್ಡ್ ಮೈಕನ್‌ಬಾಮ್ ಅನ್ನುವ ಮನಶ್ಶಾಸ್ತ್ರಜ್ಞರು ಹಾವಿಗೆ ಹೆದರುವ ಕಾಲೇಜು ಹುಡುಗಿಯರಿಗೆ ಎರಡು ಥರದ ಚಿತ್ರ ತೋರಿಸಿದರು. ಒಂದರಲ್ಲಿ ಮೊದಲಿನಿಂದಲೂ ಸ್ವಲ್ಪವೂ ಅಂಜದೆ ಹಾವು ಮುಟ್ಟುವವರು. ಇನ್ನೊಂದರಲ್ಲಿ ಮೊದಲು ಹಿಂಜರಿದು, ಉಸಿರು ಸರಿಮಾಡಿಕೊಂಡು, ತಮಗೆ ತಾವೇ ಧೈರ್ಯ ಹೇಳಿಕೊಳ್ಳುತ್ತ ಕೊನೆಗೆ ಮುಟ್ಟುವವರು. ಹೆಚ್ಚು ಉಪಯೋಗವಾದದ್ದು ಎರಡನೆಯದು. ಹೆದರದವರನ್ನು ನೋಡಿ ಹೆದರುವವರು ಕಲಿಯುವುದು ಕಡಿಮೆ. ತಮ್ಮ ಹಾಗೇ ಹೆದರಿ, ಆದರೂ ಮುಂದೆ ಹೋದವರನ್ನು ನೋಡಿ ಕಲಿಯುತ್ತಾರೆ. 1975ರಲ್ಲಿ ಆಪರೇಷನ್‌ಗೆ ಬಂದ ಮಕ್ಕಳಿಗೆ, ತಮ್ಮ ಹಾಗೇ ಆಸ್ಪತ್ರೆ ಸೇರಿದ ಏಳು ವರ್ಷದ ಹುಡುಗನ ಚಿತ್ರ ತೋರಿಸಿದಾಗಲೂ ಹೀಗೇ ಆಯಿತು. ಆ ಹುಡುಗ ತನಗೇನು ಭಯ ಅಂತ ತಾನೇ ಹೇಳುತ್ತಾನೆ, ಆಮೇಲೆ ಆಪರೇಷನ್ ಮುಗಿಸಿ ಮನೆಗೆ ಹೋಗುತ್ತಾನೆ. ನೋಡಿದ ಮಕ್ಕಳಲ್ಲಿ ಆತಂಕ ಕಡಿಮೆ ಇತ್ತು.

ಈಗ ನಿಮ್ಮ ಓಬವ್ವನ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಮ್ಮ ಎರಡೂ ಜಿಲ್ಲೆಗಳಲ್ಲಿ ಮಕ್ಕಳಿಗೆ ಧೈರ್ಯ ಹೇಳುವುದು ಅಂದರೆ ಓಬವ್ವನನ್ನು ಕರೆಯುವುದು. ಒಳ್ಳೆಯದೇ. ಆದರೆ ನಾವು ಅವಳನ್ನು ಹೇಗೆ ತೋರಿಸುತ್ತೇವೆ? ಶಾಲೆಯ ವೇಷಭೂಷಣ ಸ್ಪರ್ಧೆಗೆ ಹೋಗಿ ನೋಡಿ. ಕಚ್ಚೆ ಸೀರೆ, ಕೈಯಲ್ಲಿ ಒನಕೆ, ಕಣ್ಣು ಕೆಕ್ಕರಿಸಿ ಆರ್ಭಟ. ಜೋರಾಗಿ ಕಿರುಚಿದ ಮಗುವಿಗೆ ಬಹುಮಾನ. ನಿಮ್ಮ ಮಗಳಂಥ ಮೆತ್ತಗಿನ ಮಗು ಇದನ್ನು ನೋಡಿ, ನಾನು ಓಬವ್ವ ಅಲ್ಲ, ಆಗುವುದೂ ಇಲ್ಲ ಅಂದುಕೊಳ್ಳುತ್ತದೆ. ಅದರ ಮೇಲೆ “ಓಬವ್ವನ ಊರಿನವಳಾಗಿ ಹೆದರ್ತೀಯೇನೇ” ಅಂದರೆ, ಹೆದರಿಕೆಯ ಜೊತೆಗೆ ನಾಚಿಕೆಯೂ ಸೇರಿಕೊಳ್ಳುತ್ತದೆ. ಬೈಯಬೇಕು ಅಂತ ನೀವು ಅಂದದ್ದಲ್ಲ, ಗೊತ್ತು. ಆ ಮಾತು ಇನ್ನು ಬೇಡ.

ಕಥೆಯನ್ನೇ ಸರಿಯಾಗಿ ನೆನಪು ಮಾಡಿಕೊಳ್ಳಿ. ಮದಕರಿ ನಾಯಕನ ಕಾಲ. ಹೈದರಾಲಿಯ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದೆ. ಕಾವಲುಗಾರ ಕಹಳೆ ಮುದ್ದಹನುಮ ಊಟಕ್ಕೆ ಮನೆಗೆ ಬಂದಿದ್ದಾನೆ. ಹೆಂಡತಿ ನೀರು ತರಲು ಹೋಗುತ್ತಾಳೆ. ಕಿಂಡಿಯ ಕಡೆಯಿಂದ ಸದ್ದು ಬರುತ್ತದೆ. ಒಬ್ಬೊಬ್ಬನೇ ತೆವಳಿಕೊಂಡು ಬರಬಹುದಾದ ಕಿಂಡಿ ಅದು. ಅವಳು ಒನಕೆ ಹಿಡಿದು ಕಿಂಡಿಯ ಪಕ್ಕ ನಿಲ್ಲುತ್ತಾಳೆ. ತಲೆ ಹೊರಗೆ ಬಂತು, ಹೊಡೆದಳು, ಹೆಣ ಪಕ್ಕಕ್ಕೆ ಎಳೆದಳು. ಮತ್ತೆ ಇನ್ನೊಂದು ತಲೆ.

ಯೋಚನೆ ಮಾಡಿ, ಇಲ್ಲಿ ಅವಳು ಆರ್ಭಟಿಸಲು ಸಾಧ್ಯವಿತ್ತೇ? ಒಂದು ಸಲ ಕಿರುಚಿದ್ದರೆ ಹಿಂದಿದ್ದವರಿಗೆ ಗೊತ್ತಾಗುತ್ತಿತ್ತು. ಹೆಣ ಎಳೆದು ಹಾಕಿದ್ದೇ ಬರುವವರಿಗೆ ತಿಳಿಯಬಾರದು ಅಂತ. ಕಥೆ ಹೇಳುವ ಓಬವ್ವ ಸದ್ದಿಲ್ಲದ ಓಬವ್ವ. ಮನೆಯಲ್ಲಿ ದಿನಾ ಹಿಡಿಯುವ ಒನಕೆ ಅವಳ ಆಯುಧ. ಒಂದು ಸಲಕ್ಕೆ ಒಂದೇ ಕೆಲಸ. ಸಾಲು ಎಷ್ಟು ಉದ್ದ ಇದೆ ಅಂತ ನೋಡುತ್ತ ನಿಲ್ಲಲಿಲ್ಲ, ಮುಂದೆ ಬಂದ ಒಂದು ತಲೆಯನ್ನು ನೋಡಿದಳು. ಅವಳಿಗೆ ಭಯವಾಗಲಿಲ್ಲ ಅಂತ ಕಥೆ ಎಲ್ಲೂ ಹೇಳುವುದಿಲ್ಲ. ಅದನ್ನು ಸೇರಿಸಿದವರು ನಾವು.

ಮೆತ್ತಗೆ ಮಾತಾಡುವ ಮಗುವಿಗೆ ಇಂಥ ಓಬವ್ವ ದಕ್ಕುತ್ತಾಳೆ. ಒಂದು ಭಾನುವಾರ ದುರ್ಗಕ್ಕೆ ಕರೆದುಕೊಂಡು ಹೋಗಿ, ಹೇಗೂ ತವರು. ಕೋಟೆ ಹತ್ತಿ ಒನಕೆ ಕಿಂಡಿಯ ಹತ್ತಿರ ನಿಲ್ಲಿಸಿ. ಭಾಷಣದ ಮಾತೇ ಎತ್ತಬೇಡಿ. “ಓಬವ್ವ ಎಲ್ಲಿ ನಿಂತಿದ್ದಳು ಅನ್ಸುತ್ತೆ?” ಅಂತ ಕೇಳಿ. ಅವಳೇ ಜಾಗ ಹುಡುಕಲಿ. ಭಾಷಣವನ್ನೂ ಅಲ್ಲಿಂದಲೇ ಅವಳು ಬರೆಯಲಿ. ಮೊಬೈಲಿನಿಂದ ಇಳಿಸಿಕೊಂಡ ದಪ್ಪ ದಪ್ಪ ಪದಗಳ ಭಾಷಣವನ್ನು ಬಾಯಿಪಾಠ ಮಾಡಿಸಬೇಡಿ. ಬಾಯಿಪಾಠದ್ದು ಒಂದು ಪದ ಮರೆತರೆ ಎಲ್ಲ ಮರೆತಂತೆ. ತಾನು ನೋಡಿದ್ದನ್ನು ಹೇಳುವವರಿಗೆ ಆ ಕಷ್ಟವಿಲ್ಲ. “ಓಬವ್ವ ಕಿರುಚಲಿಲ್ಲ” ಅಂತ ಶುರುಮಾಡಿದರೆ ಸಭೆ ಕಿವಿಗೊಟ್ಟು ಕೇಳುತ್ತದೆ, ನೋಡಿ.

ತಾಯತದ ವಿಷಯ. ಅತ್ತೆಯವರಿಗೆ ಸಮಾಧಾನವಾಗುವುದಾದರೆ ಕಟ್ಟಿಸಿ, ಜಗಳ ಬೇಡ. ಆದರೆ ಅದರ ಜೊತೆ ಯಾವ ಮಾತು ಹೇಳುತ್ತಾರೆ ಅನ್ನುವುದು ಮುಖ್ಯ. “ಇದು ಕಟ್ಕೊಂಡ್ರೆ ಹೆದರಿಕೆ ಆಗಲ್ಲ” ಅಂದರೆ ಅದೂ ಒಂದು ಮಂತ್ರದ ಚೂರಿಯೇ. ಹೆದರಿಕೆ ಆಗಿಯೇ ಆಗುತ್ತದೆ, ಆಗ ತಾಯತದ ಮೇಲೂ ತನ್ನ ಮೇಲೂ ನಂಬಿಕೆ ಹೋಗುತ್ತದೆ. ತಾಯತ ಬಿಚ್ಚಿದ ದಿನ ಬಾಯೂ ಮುಚ್ಚುತ್ತದೆ. “ನೀನು ಮಾತಾಡು, ಅಜ್ಜಿ ನಿನ್ನ ಜೊತೆಗಿದ್ದೀನಿ ಅಂತ ನೆನಪಿಗೆ ಇದು” ಅಂತ ಅತ್ತೆ ತಮ್ಮ ಬಾಯಿಂದಲೇ ಹೇಳಿ ಕಟ್ಟಲಿ.

ಇನ್ನು ಆರು ವಾರದಲ್ಲಿ ಏನು ಮಾಡಬೇಕು ಅನ್ನುವುದು. ಮುಖ್ಯವಾಗಿ ತಿಳಿದಿರಬೇಕಾದ್ದು ಒಂದು. ಹೆದರಿಕೆ ಹುಟ್ಟಿಸುವ ಜಾಗದಿಂದ ತಪ್ಪಿಸಿಕೊಂಡ ಕೂಡಲೇ ದೊಡ್ಡ ನೆಮ್ಮದಿ ಸಿಗುತ್ತದೆ. ಆ ನೆಮ್ಮದಿಯೇ ಮುಂದಿನ ಸಲದ ಹೆದರಿಕೆಗೆ ಗೊಬ್ಬರ. ಅಲ್ಲೇ ನಿಂತರೆ ಎದೆಬಡಿತ ಏರುತ್ತದೆ, ಸ್ವಲ್ಪ ಹೊತ್ತು ಹಾಗೇ ಇರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಇಳಿಯುತ್ತದೆ ಅನ್ನುವುದನ್ನು ದೇಹ ಕಣ್ಣಾರೆ ಕಾಣಬೇಕು. ಅದಕ್ಕೆ ತಡೆದುಕೊಳ್ಳುವಷ್ಟು ಸಣ್ಣ ಹೆದರಿಕೆಯಿಂದ ಶುರುಮಾಡಬೇಕು. 1924ರಲ್ಲೇ ಮೇರಿ ಕವರ್ ಜೋನ್ಸ್ ಅನ್ನುವ ಮನಶ್ಶಾಸ್ತ್ರಜ್ಞೆ ಮೊಲಕ್ಕೆ ಹೆದರುವ ಪೀಟರ್ ಅನ್ನುವ ಮಗುವಿಗೆ ಹೀಗೇ ಮಾಡಿದ್ದರು. ಮಗು ಇಷ್ಟದ ತಿಂಡಿ ತಿನ್ನುವಾಗ ಮೊಲದ ಪಂಜರವನ್ನು ದೂರದಲ್ಲಿಟ್ಟು, ದಿನದಿನಕ್ಕೂ ಸ್ವಲ್ಪ ಹತ್ತಿರ ತಂದರು. ಕೊನೆಗೆ ಮಗು ಮೊಲದ ಜೊತೆ ಆಡಿತು.

ಹಾಗಾಗಿ ಸ್ಟೇಜನ್ನು ಸದ್ಯಕ್ಕೆ ಮರೆತುಬಿಡಿ. ಮೊದಲ ವಾರ ಅವಳು ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ತನ್ನ ದನಿ ರೆಕಾರ್ಡ್ ಮಾಡಲಿ, ತಾನೇ ಕೇಳಲಿ. ಆಮೇಲೆ ಅಜ್ಜಿಗೆ ಹೇಳಲಿ. ಅಜ್ಜಿಯಂಥ ಒಳ್ಳೆ ಸಭಿಕರು ಸಿಗುವುದಿಲ್ಲ, ತಪ್ಪಾದರೂ ಗೊತ್ತಾಗುವುದಿಲ್ಲ ಅನ್ನುವ ಧೈರ್ಯ ಮಗುವಿಗಿರುತ್ತದೆ. ಆಮೇಲೆ ಪಕ್ಕದ ಮನೆಯ ಇಬ್ಬರು ಮಕ್ಕಳ ಮುಂದೆ. ಪ್ರತಿ ಸಲ ಮೊದಲು “ಹತ್ತಕ್ಕೆ ಎಷ್ಟು ಹೆದರಿಕೆ?” ಅಂತ ಕೇಳಿ, ಮುಗಿದ ಮೇಲೂ ಕೇಳಿ, ನೋಟ್‌ಬುಕ್ಕಿನಲ್ಲಿ ಅವಳೇ ಬರೆಯಲಿ. ಎಂಟು ಇದ್ದದ್ದು ನಾಲ್ಕಕ್ಕೆ ಇಳಿಯುವ ತನಕ ಅದೇ ಮೆಟ್ಟಿಲಿನಲ್ಲಿರಿ. ಮುಂದಿನದಕ್ಕೆ ಅವಸರ ಬೇಡ. ಹಿಂದೆ ಬಿದ್ದರೆ ಒಂದು ಮೆಟ್ಟಿಲು ಇಳಿದು ಮತ್ತೆ ಹತ್ತಿ.

ಮನೆಯ ಹೊರಗೆ ಮಾತಾಡುವ ಅಭ್ಯಾಸ ಬೇರೆಯೇ ಬೇಕು. ಅದಕ್ಕೆ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಹೋಟೆಲ್ಲಿಗಿಂತ ಒಳ್ಳೆ ಜಾಗ ಇಲ್ಲ. ಗದ್ದಲ ಇರುತ್ತದೆ, ಯಾರೂ ಅವಳನ್ನೇ ನೋಡುತ್ತ ಕೂರುವುದಿಲ್ಲ, ಜೊತೆಗೆ ದೋಸೆ ಸಿಗುತ್ತದೆ. ಆರ್ಡರ್ ಅವಳೇ ಹೇಳಲಿ. ಸಪ್ಲೈಯರ್ ನಿಮ್ಮ ಮುಖ ನೋಡುತ್ತಾನೆ, ನೀವು ಬಾಯಿ ಬಿಡಬೇಡಿ. ಅವಳು ತಡವರಿಸಿದರೂ ಕಾಯಿರಿ. ನಿಮಗೆ ಆ ಹತ್ತು ಸೆಕೆಂಡು ಕಷ್ಟ ಅನಿಸುತ್ತದೆ. ಹೆಚ್ಚಿನ ತಾಯಂದಿರು ಸೋಲುವುದೇ ಅಲ್ಲಿ, ಪ್ರೀತಿಯಿಂದಲೇ ಮಗುವಿನ ಮಾತು ತಾವು ಆಡಿಬಿಡುತ್ತಾರೆ. ಮುಂದಿನ ಸಲ “ಅಣ್ಣಾ, ಇನ್ನೊಂಚೂರು ಚಟ್ನಿ” ಅನ್ನಲಿ. ಅಂಗಡಿಯಲ್ಲಿ ಮಂಡಕ್ಕಿ ಎಷ್ಟು ಅಂತ ಕೇಳಲಿ.

ಮೂರನೇ ವಾರದ ಹೊತ್ತಿಗೆ ಟೀಚರನ್ನು ಭೇಟಿ ಮಾಡಿ. ಇದನ್ನು ಬಿಡಬೇಡಿ. ಸ್ಕೂಲು ಬಿಟ್ಟ ಮೇಲೆ ಖಾಲಿ ಕ್ಲಾಸಿನಲ್ಲಿ ಟೀಚರ್ ಒಬ್ಬರಿಗೇ ಅವಳು ಹೇಳಲಿ. ಮರುವಾರ ಅವಳ ಇಬ್ಬರು ಗೆಳತಿಯರು ಕೂತಿರಲಿ. ಆಮೇಲೆ ತನ್ನ ಬೆಂಚಿನಲ್ಲೇ ನಿಂತು ಇಡೀ ಕ್ಲಾಸಿಗೆ ಮೊದಲ ನಾಲ್ಕು ಸಾಲು. ಕೊನೆಗೆ ಸ್ಟೇಜು. ನಡುವೆ ತಪ್ಪಿದರೆ ಎಲ್ಲರ ಮುಂದೆ ತಿದ್ದುವುದು, “ಜೋರಾಗಿ, ಜೋರಾಗಿ” ಅಂತ ಕೂಗುವುದು ಬೇಡ ಅಂತ ಟೀಚರಿಗೆ ಮೊದಲೇ ಹೇಳಿ. ಚೀಟಿ ಹಿಡಿದುಕೊಂಡು ಓದಿದರ‍ೂ ಅದು ಭಾಷಣವೇ.

ಹೊಟ್ಟೆನೋವು ನಾಟಕವಲ್ಲ. ಭಯವಾದಾಗ ದೇಹ ಅಡ್ರಿನಲಿನ್ ಬಿಡುತ್ತದೆ, ರಕ್ತ ಕೈಕಾಲಿನ ಕಡೆ ಹರಿಯುತ್ತದೆ, ಹೊಟ್ಟೆ ಹಿಂಡುತ್ತದೆ, ಬಾಯಿ ಒಣಗುತ್ತದೆ. ಇದನ್ನು ಅವಳಿಗೂ ಹೇಳಿ. ದೇಹ ಕೆಟ್ಟಿಲ್ಲ, ತಯಾರಾಗುತ್ತಿದೆ ಅಂತ ಗೊತ್ತಾದರೆ ಅರ್ಧ ಗಾಬರಿ ಇಳಿಯುತ್ತದೆ. ಒಂದು ಸಲ ಡಾಕ್ಟರಿಗೆ ತೋರಿಸಿ. ಬೇರೇನೂ ಇಲ್ಲ ಅಂದರೆ ಬಿಸಿನೀರು ಕೊಟ್ಟು, ಬೆನ್ನು ಸವರಿ ಸ್ಕೂಲಿಗೆ ಕಳಿಸಿ. ಮನೆಯಲ್ಲಿ ಉಳಿಸಿಕೊಂಡ ಪ್ರತಿ ದಿನ ಮರುದಿನದ ನೋವನ್ನು ಜಾಸ್ತಿ ಮಾಡುತ್ತದೆ. ವೇದಿಕೆ ಹತ್ತುವ ಮುಂಚೆ ಉಸಿರು ಎಳೆದುಕೊಂಡದ್ದಕ್ಕಿಂತ ಬಿಡುವುದನ್ನು ಉದ್ದ ಮಾಡಲಿ, ನಾಲ್ಕೈದು ಸಲ. ಅಷ್ಟು ಸಾಕು.

ನಿಮ್ಮ ಯಜಮಾನರಿಗೂ ಒಂದು ಕೆಲಸ ಇದೆ. ತಾವು ಹೆದರಿದ ಒಂದು ಸಂಗತಿಯನ್ನು ಮಗಳಿಗೆ ಹೇಳಲಿ. ಮೊದಲ ಇಂಟರ್‌ವ್ಯೂ, ಮೊದಲ ಸಲ ಗಾಡಿ ಓಡಿಸಿದ್ದು, ಯಾವುದಾದರೂ ಸರಿ. ಹೇಗೆ ಕೈ ನಡುಗಿತು, ಆದರೂ ಏನು ಮಾಡಿದೆ ಅಂತ ನಿಜ ಹೇಳಲಿ. ಅಪ್ಪ ಯಾವತ್ತೂ ಹೆದರಿಲ್ಲ ಅಂದುಕೊಂಡ ಮಗುವಿಗೆ ಇದು ಎಮ್ಮಾಳ ಕಥೆಗಿಂತ ಹತ್ತಿರ.

ಒಂದನ್ನು ಮಾತ್ರ ನೀವು ನೋಡಿಕೊಂಡು ನನಗೆ ತಿಳಿಸಬೇಕು. ಅವಳು ಕ್ಲಾಸಿನಲ್ಲಿ ಎದ್ದು ನಿಂತಾಗ ಮಾತ್ರ ಬಾಯಿ ಕಟ್ಟುತ್ತದೋ, ಅಥವಾ ಸ್ಕೂಲಿನಲ್ಲಿ ಗೆಳತಿಯರ ಜೊತೆಯೂ ಮಾತೇ ಆಡುವುದಿಲ್ಲವೋ? ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಗು ಶಾಲೆಯಲ್ಲಿ ತಿಂಗಳಿಗೂ ಹೆಚ್ಚು ಕಾಲ ಯಾರ ಜೊತೆಯೂ ಮಾತಾಡದೆ ಇದ್ದರೆ, ಅದು ಸಂಕೋಚ ಅಲ್ಲ. ಅದಕ್ಕೆ ಬೇರೆ ರೀತಿಯ ಸಹಾಯ ಬೇಕು, ಬೇಗ ಶುರುಮಾಡಿದಷ್ಟೂ ಒಳ್ಳೆಯದು. ರಾತ್ರಿ ನಿದ್ದೆ ಕೆಡುವುದು, ಊಟ ಬಿಡುವುದು, ಸ್ಕೂಲಿಗೇ ಹೋಗಲ್ಲ ಅನ್ನುವುದು ಸೇರಿಕೊಂಡರೂ ಕಾಯಬೇಡಿ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ ತೋರಿಸಿ. ಅಷ್ಟರೊಳಗೆ ಯಾರ ಜೊತೆಯಾದರೂ ಮಾತಾಡಬೇಕು ಅನಿಸಿದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.